ತನಿ ಶುರುವಾದಾಗ ಎದ್ದುಹೋದವರು

ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್‌ನಲ್ಲಿ ಪಾತ್ ರೈಲು ಹತ್ತಿದರೆ ಹಡ್ಸನ್ ನದಿಯ ಅಡಿಯಲ್ಲಿ ಹಾದು ನ್ಯೂಯಾರ್ಕಿನ ಕ್ರಿಸ್ಟೊಫರ್ ಸ್ಟ್ರೀಟಿನಲ್ಲಿ ಇಳಿಯಬಹುದು. ಅಲ್ಲಿಂದ ಸೆವೆಂತ್ ಅವೆನ್ಯೂಗೆ ಬಂದು ಉತ್ತರದ ಕಡೆ ಸ್ವಲ್ಪ ನಡೆದರೆ ಒಂದು ಕೆಂಪು ಬಾಗಿಲು ಸಿಗುತ್ತದೆ. ಅದೇ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ಜಾಝ್ ಕ್ಲಬ್. ಬಾಗಿಲು ದಾಟಿದ ಕೂಡಲೇ ಕಡಿದಾದ ಮೆಟ್ಟಿಲು. ಎದುರಿನಿಂದ ಒಬ್ಬರು ಹತ್ತಿ ಬಂದರೆ ಇಳಿಯುವವರು ಮೈ ಕಿರಿದು ಮಾಡಿಕೊಂಡು ಗೋಡೆಗೆ ಒತ್ತಿ ನಿಲ್ಲಬೇಕು. ಜರ್ಸಿ ಸಿಟಿಗೆ ಬಂದು ಹನ್ನೊಂದು ವರ್ಷವಾದರೂ ನಾನು ಆ ಮೆಟ್ಟಿಲು ಇಳಿದಿದ್ದು ಕಳೆದ ನವೆಂಬರಿನಲ್ಲಿ, ಅದೇ ಮೊದಲ ಸಲ. ಮನೆಯಿಂದ ಅಲ್ಲಿಗೆ ಮುಕ್ಕಾಲು ಗಂಟೆ ಕೂಡ ಆಗುವುದಿಲ್ಲ. ಇಷ್ಟು ದಿನ ಯಾಕೆ ಹೋಗಲಿಲ್ಲ ಅನ್ನುವುದಕ್ಕೆ ಕಾರಣ ಇದೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ ಎರಡು ಮಾತು. ಮ್ಯಾಕ್ಸ್ ಗಾರ್ಡನ್ ಅನ್ನುವವರು 1935ರಲ್ಲಿ ಈ ನೆಲಮಾಳಿಗೆಯಲ್ಲಿ ಕ್ಲಬ್ ನಡೆಸತೊಡಗಿದರು. ಆರಂಭದಲ್ಲಿ ಅಲ್ಲಿ ಕವಿಗಳು ಕವಿತೆ ಓದುತ್ತಿದ್ದರು, ಜಾನಪದ ಹಾಡುಗಾರರು ಬರುತ್ತಿದ್ದರು, ಹಾಸ್ಯಗಾರರೂ ಬರುತ್ತಿದ್ದರು. 1957ರ ಹೊತ್ತಿಗೆ ಅದು ಪೂರ್ತಿಯಾಗಿ ಜಾಝ್‌ಗೇ ಮೀಸಲಾಯಿತು. ಆ ವರ್ಷದ ನವೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಸೋನಿ ರಾಲಿನ್ಸ್ ಅಲ್ಲಿ ನುಡಿಸಿದ್ದು ಧ್ವನಿಮುದ್ರಣವಾಯಿತು. ಅಲ್ಲಿಂದಾಚೆ 'ವ್ಯಾನ್‌ಗಾರ್ಡ್‌ನಲ್ಲಿ ಲೈವ್' ಎಂದು ಹೊರಬಂದ ರೆಕಾರ್ಡುಗಳೇ ಒಂದು ಪರಂಪರೆಯಾಗಿ ಬೆಳೆದವು. 1966ರಿಂದ ಪ್ರತಿ ಸೋಮವಾರ ರಾತ್ರಿ ಅಲ್ಲಿ ದೊಡ್ಡ ಬ್ಯಾಂಡ್ ನುಡಿಸುತ್ತದೆ. ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಕಟ್ಟಿದ ಬ್ಯಾಂಡ್ ಅದು. ಇಬ್ಬರೂ ಹೋದ ಮೇಲೂ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಅನ್ನುವ ಹೆಸರಿನಲ್ಲಿ ನಡೆದುಕೊಂಡು ಬಂದಿದೆ. ಗಾರ್ಡನ್ 1989ರಲ್ಲಿ ತೀರಿಕೊಂಡಾಗ ಹೆಂಡತಿ ಲೊರೇನ್ ಕ್ಲಬ್ ನೋಡಿಕೊಂಡರು, 2018ರಲ್ಲಿ ಅವರೂ ಹೋದ ಮೇಲೆ ಮಗಳು.

ಇಷ್ಟೆಲ್ಲ ಹೆಸರಿರುವ ಜಾಗದಲ್ಲಿ ಕೂರಲು ಜಾಗ ಇರುವುದು 123 ಜನರಿಗೆ. ನಮ್ಮ ಕಡೆ ಒಂದು ಸಣ್ಣ ಛತ್ರದ ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಕೋಣೆ ಚೌಕಾಕಾರವಾಗಿಲ್ಲ, ತುಂಡು ಮಾಡಿದ ಹೋಳಿಗೆಯ ಹಾಗೆ ಒಂದು ಕಡೆ ಕಿರಿದಾಗುತ್ತಾ ಹೋಗುತ್ತದೆ. ಆ ಕಿರಿದಾದ ತುದಿಯಲ್ಲೇ ವೇದಿಕೆ. ಗೋಡೆಗಳು ಒಂದಕ್ಕೊಂದು ಎದುರಾಬದುರು ನಿಲ್ಲದ ಕಾರಣ ಸದ್ದು ಅತ್ತಿಂದಿತ್ತ ಬಡಿದಾಡುವುದಿಲ್ಲ. ಮೇಲೆ ತಗ್ಗಿನ ಸೂರು. ಇವೆಲ್ಲ ಸೇರಿ ಆ ಕೋಣೆಗೆ ಅದರದೇ ನಾದ ಬಂದಿದೆ. ಅದು ರೆಕಾರ್ಡಿನಲ್ಲಿ ಕೇಳಿ ನನಗೆ ಮೊದಲೇ ಗೊತ್ತಿತ್ತು. ಕಾಣದೆ ಇದ್ದ ಕೋಣೆಯನ್ನು ಕಿವಿಯಿಂದ ಚೆನ್ನಾಗಿ ಬಲ್ಲೆ ಅನ್ನುವ ಸ್ಥಿತಿ ವಿಚಿತ್ರವಾದದ್ದು. ಒಳಗೆ ಕಾಲಿಟ್ಟಾಗ ಹಿಂದೊಮ್ಮೆ ವಾಸವಿದ್ದ ಮನೆಗೆ ಬಂದಂತಾಯಿತು.

ಬಲ್ಲೆ ಅಂದೆನಲ್ಲ, ಅದು ಒಂದು ದಿನದ ರೆಕಾರ್ಡಿಂಗಿನಿಂದ. 1961ರ ಜೂನ್ 25, ಭಾನುವಾರ. ಪಿಯಾನೋದಲ್ಲಿ ಬಿಲ್ ಎವನ್ಸ್, ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ ಬಾಸ್‌ನಲ್ಲಿ ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಪಾಲ್ ಮೋಷನ್. ಮಧ್ಯಾಹ್ನ ಎರಡು ಸೆಟ್, ಅಂದರೆ ಒಂದೊಂದು ಸರದಿಯ ಕಛೇರಿ, ಸಂಜೆಯಿಂದ ರಾತ್ರಿಯವರೆಗೆ ಮೂರು. ರಿವರ್‌ಸೈಡ್ ಕಂಪನಿಯವರು ಟೇಪ್ ಯಂತ್ರ ತಂದು ಐದನ್ನೂ ಮುದ್ರಿಸಿಕೊಂಡರು. ಶುರುವಿನ ಹಾಡಿನ ನಡುವೆ ಕರೆಂಟ್ ಕೈಕೊಟ್ಟು ಟೇಪ್ ಕೆಲವು ಕ್ಷಣ ನಿಂತುಹೋಗಿದ್ದೂ ಉಂಟು. ಆ ದಿನದ ಎಲ್ಲವೂ ಸೇರಿ ಮೂರು ಸಿಡಿಗಳ ಕಟ್ಟಾಗಿ ಮುಂದೆ ಬಂತು. ನಾನು ಕೇಳಿದ್ದು ಅದನ್ನು.

ಆ ಸಿಡಿಗಳಲ್ಲಿ ಸಂಗೀತದಷ್ಟೇ ಸ್ಪಷ್ಟವಾಗಿ ಕೇಳಿಸುವುದು ಜನ. ಗ್ಲಾಸಿಗೆ ಗ್ಲಾಸು ತಗುಲುತ್ತದೆ, ಯಾರೋ ಗಟ್ಟಿಯಾಗಿ ನಗುತ್ತಾರೆ, ಮಾತಿನ ಗುಜುಗುಜು ನಿಲ್ಲುವುದೇ ಇಲ್ಲ. ಪಿಯಾನೋ, ಬಾಸ್, ಡ್ರಮ್ಸ್ ಮೂರೂ ಸೇರಿ ನುಡಿಯುವಾಗ ಇದು ಹಿಂದೆ ಸರಿದಿರುತ್ತದೆ. ಲಫಾರೊ ಒಬ್ಬರೇ ನುಡಿಸಲು ಶುರುಮಾಡಿದರೆ ಸಾಕು, ಪಿಯಾನೋ ತಗ್ಗುತ್ತದೆ, ಡ್ರಮ್ಸ್ ಪಿಸುಗುಟ್ಟುತ್ತದೆ, ಆಗ ಜನ ಮೇಲೆದ್ದು ಬರುತ್ತಾರೆ. ಅವರ ದನಿ ಏರಿಲ್ಲದೆಯೂ ಇರಬಹುದು. ಮುಚ್ಚುವ ಸದ್ದು ಕಡಿಮೆಯಾದಾಗ ತೆರೆದು ಕಾಣುತ್ತದೆ, ಅಷ್ಟೆ. ಏನೇ ಇರಲಿ, ಕೇಳುವವರಿಗೆ ಆಗುವ ಅನುಭವ ಒಂದೇ: ಜೀವಮಾನದಲ್ಲೊಮ್ಮೆ ಕೇಳಿಸುವಂಥ ಬಾಸ್ ನುಡಿಯುತ್ತಿದೆ, ಪಕ್ಕದಲ್ಲಿ ಯಾರೋ ನಗುತ್ತಿದ್ದಾರೆ.

ಅದಾಗಿ ಹನ್ನೊಂದು ದಿನಕ್ಕೆ, ಜುಲೈ 6ರಂದು, ಲಫಾರೊ ನ್ಯೂಯಾರ್ಕ್ ರಾಜ್ಯದ ಹೆದ್ದಾರಿಯೊಂದರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ಎವನ್ಸ್ ಕೆಲವು ತಿಂಗಳು ವೇದಿಕೆ ಹತ್ತಲಿಲ್ಲ. ಮೊದಲು ಹೊರಬಂದ ರೆಕಾರ್ಡಿಗೆ ಲಫಾರೊ ಅವರ ಬಾಸ್ ಚೆನ್ನಾಗಿ ಕೇಳುವ ಹಾಡುಗಳನ್ನೇ ಆರಿಸಿದರು. ಅವರದೇ ಎರಡು ರಚನೆಗಳಲ್ಲಿ ಒಂದನ್ನು ಮೊದಲಿಗೆ, ಇನ್ನೊಂದನ್ನು ಕೊನೆಗೆ ಇಟ್ಟರು. ಆ ದಿನ ಅಲ್ಲಿ ಕುಡಿಯುತ್ತಾ ಮಾತಾಡುತ್ತಾ ಕೂತಿದ್ದವರಿಗೆ ಇದ್ಯಾವುದೂ ಗೊತ್ತಾಗುವ ಹಾಗಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿಲ್ಲ.

ನನ್ನ ಸೋದರಮಾವ ಮೃದಂಗ ನುಡಿಸುತ್ತಿದ್ದರು. ಮೈಸೂರಿನಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು. ಸಂಜೆ ಹುಡುಗರಿಗೆ ಪಾಠ. ರಾಮೋತ್ಸವ, ಗಣೇಶೋತ್ಸವ ಬಂದರೆ ಕಛೇರಿಗಳು. ದೊಡ್ಡ ಹೆಸರಿನ ವಿದ್ವಾಂಸರಾಗಿರಲಿಲ್ಲ, ಕರೆದವರಿಗೆ ಇಲ್ಲ ಅನ್ನುತ್ತಿರಲಿಲ್ಲ. ಅಪ್ಪ ವರ್ಗಾವಣೆಯ ಮೇಲೆ ಬೇರೆ ಊರಿನಲ್ಲಿದ್ದುದರಿಂದ ನಾನೂ ಅಮ್ಮನೂ ಮಾವನ ಮನೆಯಲ್ಲೇ ಇದ್ದೆವು. ಗವಸು ಹಾಕಿದ ಮೃದಂಗ ಅವರ ಹೆಗಲಿಗೆ. ರವೆಯ ಡಬ್ಬಿ, ಶ್ರುತಿ ಮಾಡುವ ಕಲ್ಲು, ಒದ್ದೆ ಬಟ್ಟೆ ಇರುವ ಚೀಲ ನನ್ನ ಕೈಗೆ. ಕಛೇರಿಗೆ ಮುಂಚೆ ರವೆ ಕಲಸಿ ಉಂಡೆ ಮಾಡಿ ಎಡಭಾಗದ ತೊಪ್ಪಿಗೆ ಮೆತ್ತುವುದನ್ನು ನೋಡುತ್ತಾ ಕೂರುವುದು ನನಗೆ ಕಛೇರಿಗಿಂತ ಇಷ್ಟವಾಗಿತ್ತು. ಒಂದೊಂದು ಚಿಟಿಕೆ ಹಾಕುವುದು, ಬೆರಳಿನಿಂದ ತಟ್ಟಿ ಕೇಳುವುದು, ಸ್ವಲ್ಪ ಕಿತ್ತು ತೆಗೆಯುವುದು. 'ಸಾಕಾ ಪುಟ್ಟೀ?' ಅಂತ ನನ್ನನ್ನೇ ಕೇಳುವರು. ನಾನು ಗಂಭೀರವಾಗಿ ಇನ್ನೂ ಸ್ವಲ್ಪ ಬೇಕು ಅನ್ನುವೆ.

ಕರ್ನಾಟಕ ಸಂಗೀತದ ಕಛೇರಿಗೆ ಹೋದವರಿಗೆಲ್ಲ ಗೊತ್ತಿರುವ ವಿಷಯ: ದೊಡ್ಡ ಕೃತಿ ಮುಗಿಯುತ್ತಾ ಬಂದು ಹಾಡುವವರು ಪಕ್ಕಕ್ಕೆ ತಿರುಗಿ ತಲೆಯಾಡಿಸಿ ತನಿ ಆವರ್ತನಕ್ಕೆ ಬಿಟ್ಟುಕೊಟ್ಟ ಗಳಿಗೆಯಲ್ಲಿ ಜನ ಏಳುತ್ತಾರೆ. ಕಾಫಿಗೆ, ಫೋನಿಗೆ, ಬಸ್ಸಿಗೆ. ಅವರ ಮಟ್ಟಿಗೆ ಹಾಡು ನಿಂತಿದೆ. ಇನ್ನು ಹತ್ತು ಹದಿನೈದು ನಿಮಿಷ ಮೃದಂಗ, ಘಟ, ಖಂಜೀರ; ಆಮೇಲೆ ಬಂದರಾಯಿತು. ಮಾವ ಜೀವಮಾನವಿಡೀ ತನ್ನ ಸರದಿ ಬಂದ ಕೂಡಲೇ ಖಾಲಿಯಾಗುವ ಕುರ್ಚಿಗಳಿಗೆ ನುಡಿಸಿದರು.

ನನಗೆ ಅವರು ತನಿ ಕೇಳುವ ಉಪಾಯವೊಂದನ್ನು ಹೇಳಿಕೊಟ್ಟಿದ್ದರು. 'ಲೆಕ್ಕ ಗೊತ್ತಾಗ್ಬೇಕು ಅಂತಿಲ್ಲ ಕಣೇ. ತಾಳ ಹಾಕ್ತಾ ಕೂತ್ಕೋ. ಹಾಡಿದ್ರಲ್ಲ ಆ ಸಾಲು, ಅದನ್ನ ಮನಸ್ಸಲ್ಲೇ ಹೇಳ್ಕೊತಾ ಇರು. ನಾವು ಅದರ ಮೇಲೇ ನುಡಿಸ್ತಿರ್ತೀವಿ.' ಹಾಗೆ ಮಾಡಿದರೆ ನಿಜವಾಗಿ ಎಲ್ಲ ಬದಲಾಗುತ್ತದೆ. ಹಾಡು ನಿಂತಿಲ್ಲ, ಕಾಣದ ಹಾಗೆ ಒಳಗೆ ಹರಿಯುತ್ತಿದೆ ಎಂದು ತಿಳಿಯುತ್ತದೆ. ಮೃದಂಗ ಆ ಸಾಲಿನಿಂದ ದೂರ ಹೋಗುತ್ತದೆ, ಅಡ್ಡ ಹೋಗುತ್ತದೆ, ಕಳೆದೇಹೋಯಿತು ಅನ್ನುವಷ್ಟರಲ್ಲಿ ಮುಕ್ತಾಯದ ಮೋರಾ ಬಂದು, ಕೊನೆಯ ಜೋಡಣೆ ಮೂರು ಸಲ ಸುತ್ತಿ, ಸರಿಯಾಗಿ ಸಾಲಿನ ಎಡುಪಿಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಬಂದು ಬೀಳುತ್ತದೆ. ಹಾಡುವವರು ಅಲ್ಲೇ ಎತ್ತಿಕೊಳ್ಳುತ್ತಾರೆ. ಮೈ ಜುಮ್ಮೆನ್ನುವುದು ಆಗ.

ಇಷ್ಟು ಕಲಿಸಿಕೊಂಡಿದ್ದ ನಾನು, ಹದಿನೈದನೇ ವಯಸ್ಸಿನಲ್ಲಿ, ಒಂದು ರಾಮೋತ್ಸವದ ಕಛೇರಿಯಲ್ಲಿ ತನಿ ಶುರುವಾದಾಗ ಎದ್ದುಹೋದೆ. ಸ್ಕೂಲಿನ ಗೆಳತಿಯರು ಬಂದಿದ್ದರು, ಚಪ್ಪರದ ಹೊರಗೆ ಚುರುಮುರಿ ಗಾಡಿ ಇತ್ತು, ಮೃದಂಗದ ಮೇಷ್ಟ್ರು ನನ್ನ ಮಾವ ಎಂದು ಹೇಳಿಕೊಳ್ಳಲು ಆ ವಯಸ್ಸಿನಲ್ಲಿ ಏನೋ ಸಂಕೋಚ. ಎರಡನೇ ಸಾಲಿನಲ್ಲಿ ಕೂತಿದ್ದೆ. ಏಳುವಾಗ ಮಾವ ನೋಡಿದರು. ಹೊರಗೆ ನಿಂತು ಲೌಡ್‌ಸ್ಪೀಕರಿನಲ್ಲಿ ಮುಕ್ತಾಯ ಕೇಳಿದೆ. ರಾತ್ರಿ ಸಿಟಿ ಬಸ್ಸಿನಲ್ಲಿ ಮನೆಗೆ ಬರುವಾಗ ಅವರು ಆ ವಿಷಯ ಎತ್ತಲಿಲ್ಲ. ಗಾಳಿಗೆ ರವೆ ಬೇಗ ಒಣಗಿಬಿಟ್ಟಿತು, ತೊಪ್ಪಿ ಕೈಗೆ ಹತ್ತಲಿಲ್ಲ, ಮುಂದಿನ ಸಲ ಒದ್ದೆ ಬಟ್ಟೆ ಹತ್ತಿರ ಇಟ್ಟುಕೊಳ್ಳಬೇಕು ಅಂದರು. ಬಟ್ಟೆಯ ಚೀಲ ನನ್ನ ಬಳಿಯೇ ಇತ್ತು. ನಾನು ಚುರುಮುರಿ ಗಾಡಿಯ ಹತ್ತಿರ ಅದನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದೆ.

ಮಾವ 2014ರಲ್ಲಿ ಹೋದರು. ಆಗ ನಾನು ಇಲ್ಲಿಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಊರಿಗೆ ಹೋಗಲಾಗಲಿಲ್ಲ.

ಆ ಚಳಿಗಾಲದಲ್ಲಿ ಆಫೀಸಿನವರು ಒಂದು ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಮೂವರು ಜಾಝ್ ನುಡಿಸುತ್ತಿದ್ದರು. ನಾನು ಕೇಳಿದ ಮೊದಲ ಜಾಝ್ ಅದು. ಪಿಯಾನೋದವರು ನಿಲ್ಲಿಸಿದರು, ಬಾಸಿನವರೊಬ್ಬರೇ ನುಡಿಸತೊಡಗಿದರು, ಹೋಟೆಲಿಗೆ ಹೋಟೆಲೇ ಮಾತಿಗಿಳಿಯಿತು. ನಮ್ಮ ಮೇಜಿನವರೂ ಅಷ್ಟೆ. ಯಾರೋ ಬಿಲ್ ತರಿಸಿದರು. ಬಾಸಿನವರು ಕಣ್ಣು ಮುಚ್ಚಿ ತಲೆಯನ್ನು ವಾದ್ಯದ ಕೊರಳಿಗೆ ಆನಿಸಿಕೊಂಡು ನುಡಿಸುತ್ತಲೇ ಇದ್ದರು. ನನಗೆ ಗಂಟಲು ಕಟ್ಟಿಬಂತು. ಅಲ್ಲಿಂದ ಹುಡುಕಿಕೊಂಡು ಹೋಗಿ ಸಿಕ್ಕಿದ್ದು 1961ರ ಸಿಡಿಗಳು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕ್ಲಬ್ಬಿಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ. ಬಾಸ್ ಶುರುವಾದಾಗ ಜನ ಮಾತಿಗಿಳಿಯುವುದನ್ನು ಮತ್ತೊಮ್ಮೆ ಕೂತು ನೋಡಲಾರೆ ಅನಿಸಿತ್ತು.

ನವೆಂಬರಿನ ಆ ರಾತ್ರಿ ನಾನು ಹೋಗಿದ್ದು ಎಂಟರ ಸೆಟ್‌ಗೆ. ಇಲ್ಲಿ ಊಟ ಕೊಡುವುದಿಲ್ಲ. ತಲೆಗೊಂದು ಪಾನೀಯ ತೆಗೆದುಕೊಳ್ಳಬೇಕು. ನಾನು ಸೋಡಾ ಹೇಳಿದೆ. ಮೇಜುಗಳು ತಟ್ಟೆಯಷ್ಟು ಸಣ್ಣವು, ಅಪರಿಚಿತರ ಮೊಣಕೈ ತಗುಲಿಸಿಕೊಂಡೇ ಕೂರಬೇಕು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಶುರುವಾಗುವ ಮುನ್ನ ಕ್ಲಬ್ಬಿನವರು ಒಂದು ಮಾತು ಹೇಳಿದರು: ಫೋನ್ ಒಳಗಿಡಿ, ಸಂಗೀತ ನಡೆಯುವಾಗ ಮಾತು ಬೇಡ. ದೀಪ ತಗ್ಗಿತು. ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ ನೆಲದಡಿ ಸಬ್‌ವೇ ರೈಲು ಹೋಗುವುದು ಅಂಗಾಲಿಗೆ ತಿಳಿಯಿತು.

ಪಿಯಾನೋ, ಬಾಸ್, ಡ್ರಮ್ಸ್. ಎವನ್ಸ್ ಅವರ ಕಾಲದ್ದೇ ಜೋಡಣೆ. ಮೂವರೂ ನಲವತ್ತರ ಆಸುಪಾಸಿನವರು. ಮೊದಲನೆಯದು ನಿಧಾನದ್ದು. ಡ್ರಮ್ಸಿನವರು ಕೋಲು ಬಿಟ್ಟು ತಂತಿಯ ಬ್ರಷ್ ತೆಗೆದುಕೊಂಡು ಚರ್ಮದ ಮೇಲೆ ವೃತ್ತವಾಗಿ ಸವರತೊಡಗಿದರು. ಹೆಡ್‌ಫೋನಿನಲ್ಲಿ ಅದು ಬರೀ ಉಸಿರಿನಂತೆ ಕೇಳಿಸುತ್ತಿತ್ತು. ಹತ್ತು ಅಡಿ ದೂರದಿಂದ ಕೇಳಿದರೆ ಮೊರದಲ್ಲಿ ಅಕ್ಕಿ ಕೇರುವ ಸದ್ದು. ಒಂದು ಸುತ್ತು, ತುದಿಯಲ್ಲೊಂದು ಸಣ್ಣ ಎತ್ತು, ಮತ್ತೆ ಸುತ್ತು. ಅಜ್ಜಿ ಹಿತ್ತಲಿನಲ್ಲಿ ಕಾಲು ಚಾಚಿ ಕೂತು ಕೇರುತ್ತಿದ್ದ ಲಯ ಅದೇ.

ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಜಾಝ್‌ನಲ್ಲಿ ಮೊದಲು ಕಷ್ಟವಾಗುವುದು ತಂಬೂರಿ ಇಲ್ಲದಿರುವುದು. ಆಧಾರ ಷಡ್ಜವನ್ನು ಹುಡುಕುತ್ತೇವೆ, ಸಿಗುವುದಿಲ್ಲ. ಸಿಕ್ಕಿತು ಅನ್ನುವಷ್ಟರಲ್ಲಿ ಕಾಲ ಕೆಳಗಿನ ನೆಲ ಇನ್ನೊಂದು ಕಡೆ ಸರಿದಿರುತ್ತದೆ. ಹಾಗೆ ಸರಿಸುವವರು ಬಾಸಿನವರು. ವೇಗದ ಹಾಡುಗಳಲ್ಲಿ ಎಣಿಕೆಗೊಂದು ಸ್ವರದಂತೆ ಮೆಟ್ಟಿಲು ಹತ್ತಿದ ಹಾಗೆ, ಇಳಿದ ಹಾಗೆ ನಡೆಯುತ್ತಿರುತ್ತಾರೆ. ಎಲ್ಲಿ ಹೋಗುತ್ತಿದ್ದೇವೆ ಅನ್ನುವುದನ್ನು ಅವರ ಹೆಜ್ಜೆಯೇ ಹೇಳುತ್ತದೆ. ತಂಬೂರಿಯನ್ನು ಹುಡುಕುವುದು ಬಿಟ್ಟು ಅವರ ಬೆನ್ನು ಹಿಡಿದು ನಡೆಯಲು ಕಲಿತ ಮೇಲೆ ನನಗೆ ಜಾಝ್ ತೆರೆದುಕೊಂಡಿತು. ಅದಕ್ಕೆ ಎರಡು ವರ್ಷ ಹಿಡಿಯಿತು.

ಮೂರನೆಯದೋ ನಾಲ್ಕನೆಯದೋ ಹಾಡು ಹಳೆಯ ಬ್ರಾಡ್‌ವೇ ಕಾಲದ್ದು, 32 ಬಾರ್‌ಗಳದ್ದು. ಇಂಥ ಹಾಡುಗಳ ಕಟ್ಟು ಸರಳ. ಎಂಟು ಬಾರ್‌ಗಳ ಒಂದು ಭಾಗ, ಅದೇ ಇನ್ನೊಮ್ಮೆ, ಆಮೇಲೆ ಬೇರೆ ದಾರಿ ಹಿಡಿಯುವ ಎಂಟು ಬಾರ್, ಕೊನೆಗೆ ಮೊದಲಿನದೇ. ಪಲ್ಲವಿ, ಪಲ್ಲವಿ, ಅನುಪಲ್ಲವಿ, ಪಲ್ಲವಿ ಅಂದುಕೊಳ್ಳಿ. ಒಂದು ಬಾರ್‌ಗೆ ನಾಲ್ಕು ಎಣಿಕೆ. ಎರಡು ಬಾರ್ ಸೇರಿದರೆ ಒಂದು ಆದಿತಾಳ. ಒಂದು ಸುತ್ತಿಗೆ ಹದಿನಾರು ಆವರ್ತನ. ಮೊದಲ ಸುತ್ತಿನಲ್ಲಿ ಹಾಡನ್ನು ಹಾಡಿನಂತೆ ನುಡಿಸುತ್ತಾರೆ. ಆಮೇಲೆ ಸುತ್ತು ಸುತ್ತುತ್ತಲೇ ಇರುತ್ತದೆ, ಅದರ ಮೇಲೆ ಒಬ್ಬೊಬ್ಬರು ತಮ್ಮ ಮನೋಧರ್ಮವನ್ನು ನುಡಿಸುತ್ತಾರೆ. ಎಣಿಕೆ ನಾಲ್ಕೇ ಆದರೂ ಒಳಗಿನ ನಡೆ ತಿಶ್ರದ, ಅಂದರೆ ಮೂರರ ಲೆಕ್ಕದ, ಕಡೆ ವಾಲಿಕೊಂಡಿರುತ್ತದೆ. ಕಾಲಿನಿಂದ ಒತ್ತುವ ತಾಳದ ಜೋಡಿ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಚಕ್ ಚಕ್ ಅನ್ನುತ್ತದೆ. ನಮ್ಮ ಕೈ ಒಂದನೇ ಎಣಿಕೆಗೆ ಬೀಳಲು ಹಾತೊರೆಯುವಾಗ ಅದು ಎರಡಕ್ಕೆ ಎಳೆಯುತ್ತದೆ. ಆ ಎಳೆದಾಟದಲ್ಲೇ ಒಂದು ಸುಖವಿದೆ.

ಪಿಯಾನೋದವರು ನಾಲ್ಕು ಸುತ್ತು ನುಡಿಸಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಡ್ರಮ್ಸಿನವರು ಮತ್ತೆ ಬ್ರಷ್ ಎತ್ತಿಕೊಂಡರು. ಬಾಸಿನವರು ನಡೆಯುವುದನ್ನು ನಿಲ್ಲಿಸಿದರು.

ನಾನು ಸುತ್ತ ನೋಡಿದೆ. ಯಾರೂ ಏಳಲಿಲ್ಲ. ಯಾರೂ ಮಾತಾಡಲಿಲ್ಲ. ಪಾನೀಯ ತರುವ ಹುಡುಗಿ ಕೂಡ ಗೋಡೆಗೆ ಒರಗಿ ನಿಂತಿದ್ದಳು.

ಆಳೆತ್ತರ ಮೀರಿದ ಆ ವಾದ್ಯದ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಮ್ಮ ಕಿವಿ ಅಷ್ಟು ಕೆಳಗಿನ ನಾದಕ್ಕೆ ಮಂದ. ಅದನ್ನು ಹಿಡಿಯಲು ಕೇಳುವವರೇ ಸ್ವಲ್ಪ ಬಾಗಬೇಕು. ಗದ್ದಲದ ಜಾಗದಲ್ಲಿ ಬಾಸ್ ಸೋಲೋ ಸೋಲುವುದು ಇದಕ್ಕೇ. ಇಲ್ಲಿ ಒಂದೊಂದು ಸ್ವರವೂ ಮೊದಲು ಬೆರಳಿನ ಸದ್ದಾಗಿ, ಆಮೇಲೆ ಮರದ ಸದ್ದಾಗಿ, ಕೊನೆಗೆ ನಾದವಾಗಿ ಬರುತ್ತಿತ್ತು. ತಂತಿ ಪಟ್ಟಿಗೆ ತಗುಲುವ ಟಕ್, ಎಡಗೈ ಜಾರುವಾಗಿನ ಸರಕ್, ನುಡಿಸುವವರ ಮೂಗಿನ ಉಸಿರು. ಲಫಾರೊ ತಂತಿಗಳನ್ನು ಕುದುರೆಯ ಮೇಲೆ ತಗ್ಗಿಸಿಕೊಂಡು, ಅಷ್ಟು ದೊಡ್ಡ ವಾದ್ಯದಲ್ಲಿ ಗಿಟಾರಿನ ಚುರುಕನ್ನು ತಂದಿದ್ದರು, ಬಾಸ್ ಅಂದರೆ ಹೆಜ್ಜೆ ಹಾಕುವುದು ಮಾತ್ರ ಅನ್ನುವ ಕಟ್ಟನ್ನು ಬಿಡಿಸಿ ಪಿಯಾನೋದ ಜೊತೆ ಸಮಕ್ಕೆ ಮಾತಾಡಿದ್ದರು. ಇದೇ ಕೋಣೆಯಲ್ಲಿ, ಇದೇ ಕಿರಿದಾದ ತುದಿಯಲ್ಲಿ. ಆ ಮೂವರಲ್ಲಿ ಕೊನೆಯವರಾಗಿ ಉಳಿದ ಮೋಷನ್ 2011ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಗೆ ಬಂದು ನುಡಿಸುತ್ತಿದ್ದರು.

ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿತ್ತು. ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಮೊದಲ ಸುತ್ತಿನಲ್ಲಿ ನುಡಿಸಿದ್ದ ಹಾಡನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲು ಶುರುಮಾಡಿದೆ. ನಾಲ್ಕು ಆವರ್ತನ, ಪಲ್ಲವಿ. ಇನ್ನು ನಾಲ್ಕು. ಅನುಪಲ್ಲವಿ ಬರುವ ಜಾಗಕ್ಕೆ ಸರಿಯಾಗಿ ಬಾಸಿನವರ ಎಡಗೈ ಕೊರಳಿನ ಮೇಲ್ತುದಿಯಿಂದ ಕೆಳಗಿಳಿದು ತಾರಸ್ಥಾಯಿ ಹಿಡಿಯಿತು. ನಾನು ಒಳಗೆ ಹೇಳಿಕೊಳ್ಳುತ್ತಿದ್ದ ಸಾಲಿಗೆ ಅವರು ಉತ್ತರ ಕೊಡುತ್ತಿದ್ದರು. ಕೆಲವೊಮ್ಮೆ ಸಾಲಿನ ಎರಡು ಸ್ವರ ಮುಟ್ಟಿ ಮಿಕ್ಕಿದ್ದನ್ನು ಬಿಟ್ಟುಬಿಡುತ್ತಿದ್ದರು, ಬಿಟ್ಟದ್ದು ನನ್ನ ಒಳಗೆ ಪೂರ್ತಿಯಾಗುತ್ತಿತ್ತು. ಎರಡನೇ ಸುತ್ತಿನಲ್ಲಿ ಒಂದು ಕಡೆ ಬೆರಳು ತಪ್ಪಿತು, ಬೇಡದ ಸ್ವರವೊಂದು ಬಂತು. ಅವರು ಅದನ್ನು ಬಿಡಲಿಲ್ಲ. ಮತ್ತೆ ಅದನ್ನೇ ಮುಟ್ಟಿ, ಅಲ್ಲಿಂದ ಒಂದು ದಾರಿ ಮಾಡಿಕೊಂಡು, ಅದು ಬೇಕೆಂದೇ ಬಂದದ್ದು ಅನ್ನುವ ಹಾಗೆ ಮನೆಗೆ ಕರೆತಂದರು. ಪಿಯಾನೋದವರು ಸಣ್ಣಗೆ 'ಯಾ' ಅಂದರು. ನಮ್ಮಲ್ಲಾದರೆ 'ಭಲೇ' ಅನ್ನುತ್ತಿದ್ದರು.

ಮೂರನೇ ಸುತ್ತಿನ ಕೊನೆಗೆ ಪಿಯಾನೋ ಸೇರಿಕೊಂಡಾಗ ಅದು ಸಾಲಿನ ಎಡುಪಾಗಿತ್ತು. ನನ್ನ ಬೆರಳು ಅಲ್ಲೇ ಇತ್ತು. ಕಣ್ಣು ಒರೆಸಿಕೊಂಡೆ.

ಅದೇ ಹಾಡಿನಲ್ಲಿ ಮುಂದೆ ಪಿಯಾನೋ ನಾಲ್ಕು ಬಾರ್, ಡ್ರಮ್ಸ್ ನಾಲ್ಕು ಬಾರ್ ಎಂದು ಹಂಚಿಕೊಂಡು ನುಡಿಸಿದರು. ಆಮೇಲೆ ಎರಡೆರಡು. ಇದಕ್ಕೆ ವಿವರಣೆ ಬೇಕಿರಲಿಲ್ಲ. ಮೃದಂಗದವರೂ ಘಟದವರೂ ಕೊರೈಪ್ಪಿನಲ್ಲಿ ಸುತ್ತುಗಳನ್ನು ಅರ್ಧರ್ಧ ಮಾಡಿಕೊಳ್ಳುತ್ತಾ ಒಬ್ಬರ ಮಾತನ್ನು ಇನ್ನೊಬ್ಬರು ಹಿಡಿಯುವುದನ್ನು ನೋಡಿದವರು ಇಲ್ಲಿ ಒಂದು ಕ್ಷಣವೂ ದಾರಿ ತಪ್ಪುವುದಿಲ್ಲ.

ಸೆಟ್ ಮುಗಿದು ದೀಪ ಬಂದಾಗ ಪಕ್ಕದ ಹಿರಿಯರು ಕೈಯಲ್ಲಿ ಏನು ಎಣಿಸುತ್ತಿದ್ದೆ ಎಂದು ಕೇಳಿದರು. ಆದಿತಾಳ ತೋರಿಸಿಕೊಟ್ಟೆ. ಅವರು ಮೇಜಿನ ಮೇಲೆ ಎರಡು ಸಲ ಹಾಕಿ ನೋಡಿದರು, ಬೀಸಿನಲ್ಲಿ ತಪ್ಪಿದರು, ಮತ್ತೆ ಹಾಕಿದರು. 1970ರ ದಶಕದಿಂದ ಇಲ್ಲಿಗೆ ಬರುತ್ತಿದ್ದಾರಂತೆ. ದಕ್ಷಿಣ ಭಾರತದಿಂದ ಬಂದ ಸ್ಯಾಕ್ಸೊಫೋನಿನವರೊಬ್ಬರು ಇದ್ದರಲ್ಲ ಅಂದರು. ನನಗೆ ಆದ ಸಂತೋಷ ಹೇಳತೀರದು. ಕದ್ರಿ ಗೋಪಾಲನಾಥ್, ಬಂಟ್ವಾಳ ತಾಲೂಕಿನವರು, ನಾಗಸ್ವರದ ಮನೆತನದಲ್ಲಿ 1949ರಲ್ಲಿ ಹುಟ್ಟಿದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ವಾದ್ಯವನ್ನೇ ಮಾರ್ಪಡಿಸಿಕೊಂಡು ಅದರಲ್ಲಿ ಗಮಕ ಹೊರಡಿಸಿದವರು ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. 1980ರಲ್ಲಿ ಬೊಂಬಾಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ ಅವರ ಜೊತೆ ವೇದಿಕೆಯಲ್ಲಿ ನುಡಿಸಿದ್ದನ್ನೂ ಹೇಳಿದೆ. ಆ ಹಿರಿಯರಿಗೆ ಗೊತ್ತಿದ್ದದ್ದು 2008ರ ಆಲ್ಬಮ್. ಕನ್ನಡದ ತಂದೆತಾಯಿಯ ಮಗ, ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ, ಕದ್ರಿಯವರನ್ನು ಹುಡುಕಿಕೊಂಡು ಹೋಗಿ ಜೊತೆಗೆ ನುಡಿಸಿದ್ದು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಅವರು ಬಾಸ್ಟನ್ನಿನ ಚಾರ್ಲಿ ಮರಿಯಾನೊ ಜೊತೆ ಮಾಡಿದ 1983ರ ರೆಕಾರ್ಡ್ ಕೇಳಿ ಎಂದು ಟಿಶ್ಯೂ ಕಾಗದದ ಮೇಲೆ ಬರೆದುಕೊಟ್ಟೆ. ಮೃದಂಗದ ಮಣಿಯವರ ಹೆಸರಿನ ಅಡಿಗೆರೆ ಎರಡು ಸಲ ಎಳೆದೆ.

ಹೊರಡುವಾಗ ಬಾಸಿನವರು ವೇದಿಕೆಯ ಅಂಚಿನಲ್ಲಿ ಕೂತು ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದರು. ಹತ್ತು ಗಂಟೆಗೆ ಅವರಿಗೆ ಇನ್ನೊಂದು ಸೆಟ್ ಇತ್ತು. ಹತ್ತಿರ ಹೋಗಿ, ನಿಮ್ಮ ಸೋಲೋದ ಉದ್ದಕ್ಕೂ ನಾನು ಹಾಡನ್ನು ಒಳಗೇ ಹಾಡಿಕೊಳ್ಳುತ್ತಿದ್ದೆ ಅಂದೆ. 'ನಾನೂ' ಅಂದರು.

ಕ್ರಿಸ್ಟೊಫರ್ ಸ್ಟ್ರೀಟಿನ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಇನ್ನೂ ಹನ್ನೆರಡು ನಿಮಿಷ ಇತ್ತು. ನನ್ನ ಫೋನಿನಲ್ಲಿ ಒಂದು ಫೈಲ್ ಇದೆ. ಮಾವನ ಶಿಷ್ಯನೊಬ್ಬ ಲೌಡ್‌ಸ್ಪೀಕರಿನ ಎದುರು ಟೇಪ್‌ರೆಕಾರ್ಡರ್ ಇಟ್ಟು ತುಂಬಿಸಿಕೊಂಡ ಕ್ಯಾಸೆಟ್, ಮಾವನ ಮಗ ಅದನ್ನು ಕಂಪ್ಯೂಟರಿಗೆ ಹಾಕಿ ಮೂರು ವರ್ಷದ ಹಿಂದೆ ಕಳಿಸಿದ್ದ. ಅದು ಯಾವ ಕಛೇರಿಯದು ಎಂದು ಕೇಳಿದ ದಿನವೇ ಗೊತ್ತಾಗಿತ್ತು. ಆ ರಾಮೋತ್ಸವದ್ದು. ತನಿ ಶುರುವಾಗುವವರೆಗೆ ಕೇಳಿ ನಿಲ್ಲಿಸಿದ್ದೆ; ಅಲ್ಲಿ ಕಬ್ಬಿಣದ ಕುರ್ಚಿಗಳು ನೆಲಕ್ಕೆ ಉಜ್ಜುವ ಸದ್ದು ಒಮ್ಮೆಲೇ ಏಳುತ್ತದೆ, ಹತ್ತಾರು ಕುರ್ಚಿಗಳದ್ದು. ಅದರಲ್ಲಿ ಒಂದು ನನ್ನದು. ಯಾವುದು ಎಂದು ಬೇರ್ಪಡಿಸಿ ಹೇಳಲಾರೆ. ಆದರೆ 1961ರ ಟೇಪಿನಲ್ಲಿ ನಗುತ್ತಿರುವ ಹೆಂಗಸಿನ ಹಾಗೆ ನಾನೂ ಆ ಕ್ಯಾಸೆಟ್ಟಿನಲ್ಲಿ ಇದ್ದೇನೆ.

ಹೆಡ್‌ಫೋನ್ ಹಾಕಿಕೊಂಡೆ. ಕಾಂಭೋಜಿ, ಆದಿತಾಳ. ಹಾಡುವವರು ಬಿಟ್ಟುಕೊಟ್ಟರು, ಕುರ್ಚಿಗಳು ಸರಿದವು. ನಿಲ್ಲಿಸದೆ ಕೇಳಿದೆ. ಬೆಂಚಿನ ಮೇಲೆ ಕೂತು ತೊಡೆಗೆ ಪೆಟ್ಟು ಹಾಕತೊಡಗಿದೆ, ಸಾಲನ್ನು ಒಳಗೆ ಹೇಳಿಕೊಳ್ಳತೊಡಗಿದೆ. ತೊಪ್ಪಿ ನಿಜಕ್ಕೂ ಒಣಗಿತ್ತು, ಎಡಗೈ ಬಿದ್ದಾಗ ನಾದ ಮೊಂಡಾಗಿ ನಿಲ್ಲುತ್ತಿತ್ತು. ಮಾವ ಬಲಗೈಯಿಂದಲೇ ಹೆಚ್ಚು ಕೆಲಸ ಮಾಡಿಸಿಕೊಂಡು ಅದನ್ನು ಮರೆಸುತ್ತಾ ಹೋಗಿದ್ದರು. ಇಷ್ಟು ಚೆನ್ನಾಗಿ ನುಡಿಸುತ್ತಿದ್ದರು ಎಂದು ನನಗೆ ನೆನಪಿರಲಿಲ್ಲ. ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಅದನ್ನು ಹೋಗಲು ಬಿಟ್ಟೆ. ಮೋರಾ ಬಂತು. ಕೊನೆಯ ಜೋಡಣೆ ಒಂದು ಸಲ, ಎರಡು ಸಲ, ಮೂರನೆಯ ಸಲ. ಹಾಡುವವರು ಸಾಲು ಎತ್ತಿಕೊಂಡರು. ನನ್ನ ಕೈ ಅಲ್ಲೇ ಇತ್ತು.